ಸೋಲ್ಡರಿಂಗ್ ಐರನ್ ಯಾರ ಕೈಯಲ್ಲಿದೆ?

ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮಕ್ಕಳಿಗೆ ಏರೋಡೈನಾಮಿಕ್ಸ್ ಪಾಠ ಮಾಡುತ್ತೇನೆ. ರೇಡಿಯೋ ಕಂಟ್ರೋಲ್ ವಿಮಾನ ಕಟ್ಟುವ ಪ್ರಾಜೆಕ್ಟ್ ತಂಡಗಳೂ ನನ್ನ ಪಾಲಿಗೇ ಬಂದಿವೆ. ಈ ಕ್ಷೇತ್ರಕ್ಕೆ ಹುಡುಗಿಯರು, ಹಳ್ಳಿ ಮಕ್ಕಳು, ಕನ್ನಡ ಮೀಡಿಯಂನವರು ಜಾಸ್ತಿ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಂದ ಮೇಲೆ ಅವರು ಲ್ಯಾಬಿನಲ್ಲಿ ಏನು ಮಾಡುತ್ತಾರೆ ಅಂತ ಕೇಳುವವರು ಕಡಿಮೆ.

ತಂಡದಲ್ಲಿ ಕೆಲಸ ಹಂಚಿಕೆ ಮೊದಲ ವಾರದಲ್ಲೇ ಆಗಿಹೋಗುತ್ತದೆ, ಯಾರೂ ಕೂತು ಮಾತಾಡಿರುವುದಿಲ್ಲ. ಅಪ್ಪನ ಗ್ಯಾರೇಜಿನಲ್ಲಿ ಕೈಯಾಡಿಸಿದ ಹುಡುಗ ತಂತಿಗಳನ್ನು ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿಯುತ್ತಾನೆ, ಮದುವೆ ಮನೆಯಲ್ಲಿ ಡ್ರೋನ್ ಹಾರಿಸಿದವನು ರಿಮೋಟ್ ಹಿಡಿಯುತ್ತಾನೆ, ಹುಡುಗಿಯರ ಪಾಲಿಗೆ ರಿಪೋರ್ಟು ಮತ್ತು ಪಿಪಿಟಿ, ಮೊಳಕಾಲ್ಮೂರು ಕಡೆಯಿಂದ ಬಂದ, ಇಂಗ್ಲಿಷಿಗೆ ಹೆದರಿದ ಹುಡುಗ ಅಂಗಡಿಯಿಂದ ಸನ್‌ಪ್ಯಾಕ್ ಅನ್ನೋ ಹಗುರ ಪ್ಲಾಸ್ಟಿಕ್ ಶೀಟು, ಗ್ಲೂ ಸ್ಟಿಕ್ ತರುವುದರಲ್ಲೇ ಸೆಮಿಸ್ಟರ್ ಕಳೆಯುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಮಾರ್ಕ್ಸು. ಆದರೆ ಸಂದರ್ಶನದಲ್ಲಿ "ಸಿಜಿ (ವಿಮಾನದ ತೂಕ ಸಮತೂಗುವ ಜಾಗ) ಅಲ್ಲೇ ಯಾಕೆ ಇಟ್ಟಿರಿ?" ಅಂತ ಕೇಳಿದರೆ ಉತ್ತರ ಗೊತ್ತಿರುವುದು ಇಬ್ಬರಿಗೆ ಮಾತ್ರ.

"ಹುಡುಗೀರೇ ಪಿಪಿಟಿ ಕೇಳ್ತಾರೆ ಮೇಡಂ, ನಾವೇನು ಬಲವಂತ ಮಾಡಿಲ್ಲ" ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು. ಕೇಳುತ್ತಾರೆ, ನಿಜ. ಐರನ್ ಮುಟ್ಟಿದ ಮೊದಲ ದಿನ ಪಕ್ಕದವರು ನಕ್ಕು ಕಿತ್ತುಕೊಂಡರೆ ಯಾರಾದರೂ ಪಿಪಿಟಿಯನ್ನೇ ಕೇಳುತ್ತಾರೆ ಅಲ್ವಾ?

ಈಗ ನಮ್ಮಲ್ಲಿ ಎರಡು ವಾರಕ್ಕೊಮ್ಮೆ ಕೆಲಸ ಬದಲಾಗುತ್ತದೆ. ಕಾದ ತಂತಿಯಲ್ಲಿ ಥರ್ಮಾಕೋಲ್ ರೆಕ್ಕೆ ಕತ್ತರಿಸುವುದು, ಮೋಟಾರ್ ಮತ್ತು ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ವೈರಿಂಗ್, ಹಾರಾಟ, ರಿಪೋರ್ಟು, ಎಲ್ಲವೂ ಎಲ್ಲರಿಗೂ. ರೆಕ್ಕೆಯ ಮುಂದಂಚಿನಿಂದ ಸುಮಾರು ಕಾಲು ಭಾಗದ ಹತ್ತಿರ ಬೆರಳಿಟ್ಟು ವಿಮಾನ ಎತ್ತಿ, ಮೂಗು ಭಾರವೋ ಬಾಲ ಭಾರವೋ ಅಂತ ಪ್ರತಿಯೊಬ್ಬರೂ ತಾವೇ ನೋಡಬೇಕು. ಬಾಲ ಭಾರವಾದರೆ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ ಅನ್ನೋದು ಕೈಗೆ ಗೊತ್ತಾಗಬೇಕಾದ ವಿಷಯ. ಬಲಗೈ ಬೆರಳುಗಳಲ್ಲಿ ಶಕ್ತಿ ಕಡಿಮೆ ಇದ್ದ ಒಬ್ಬ ಹುಡುಗನಿಗೆ ರಿಮೋಟ್ ಆಗಲ್ಲ ಅಂತ ತಂಡದವರೇ ತೀರ್ಮಾನಿಸಿದ್ದರು. ಟ್ರಾನ್ಸ್‌ಮಿಟರಿನಲ್ಲಿ, ಅಂದರೆ ಆ ರಿಮೋಟಿನಲ್ಲೇ, ಮೋಡ್ 3 ಅಂತ ಇರುತ್ತದೆ. ಮೂಗು ಮೇಲೆ ಕೆಳಗೆ ಮಾಡುವ ಎಲಿವೇಟರ್, ಪಕ್ಕಕ್ಕೆ ವಾಲಿಸುವ ಏಲೆರಾನ್ ಎರಡೂ ಎಡಗಡೆಯ ಕಡ್ಡಿಗೆ ಬರುತ್ತವೆ, ಮೋಟಾರಿನ ವೇಗದ ಥ್ರಾಟಲ್ ಬಲಕ್ಕೆ ಹೋಗುತ್ತದೆ. ಅದನ್ನು ಹಾಕಿಕೊಟ್ಟೆವು, ಹಾರಿಸಿದ.

ಭಾಷೆಯ ವಿಷಯಕ್ಕೆ ಬಂದರೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕನ್ನಡದಲ್ಲಿ ಉತ್ತರ ಕೊಡಬಹುದು ಅಂತ ಹೇಳಿದ್ದೇನೆ. ವಿಮಾನ ಹಾರುವುದು ಹೇಗೆ ಅಂದರೆ, ರೆಕ್ಕೆ ಮೇಲಿನ ಗಾಳಿ ಹೆಚ್ಚು ದೂರ ಹೋಗಬೇಕು, ಕೆಳಗಿನ ಗಾಳಿಯ ಜೊತೆ ಒಟ್ಟಿಗೇ ತಲುಪಬೇಕು, ಅದಕ್ಕೇ ಮೇಲೆ ವೇಗ ಜಾಸ್ತಿ ಅನ್ನೋ ವಿವರಣೆಯನ್ನು ಮಕ್ಕಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬಂದಿರುತ್ತಾರೆ. ಕನ್ನಡದಲ್ಲಿ ಹೇಳಿ ಅಂದಾಗ ಒಬ್ಬಳು ಅರ್ಧಕ್ಕೇ ನಿಲ್ಲಿಸಿ, "ಯಾಕೆ ಒಟ್ಟಿಗೇ ತಲುಪಬೇಕು ಮೇಡಂ?" ಅಂದಳು. ತಲುಪಬೇಕಾಗಿಲ್ಲ. ಮೇಲಿನ ಗಾಳಿ ಮೊದಲೇ ತಲುಪುತ್ತದೆ, ಆ ವಿವರಣೆಯೇ ತಪ್ಪು. ಸ್ವಂತ ಮಾತಿನಲ್ಲಿ ಹೇಳಲು ಹೊರಟಿದ್ದಕ್ಕೇ ಅವಳಿಗೆ ಆ ಅನುಮಾನ ಬಂದಿದ್ದು.

ನಮ್ಮ ಗುಡ್ಡಗಳ ಮೇಲಿನ, ಕರೆಂಟು ತಯಾರಿಸುವ ಗಾಳಿ ಫ್ಯಾನುಗಳನ್ನೂ ಪಾಠಕ್ಕೆ ತಂದೆ. ಗಾಳಿ ಮಿತಿಮೀರಿದಾಗ ಫ್ಯಾನು ನಿಲ್ಲುತ್ತದೆ, ರೆಕ್ಕೆಯ ಅಂಚು ಗಾಳಿ ಕಡೆ ತಿರುಗಿರುತ್ತದೆ ಅನ್ನೋದು ಅದರ ಬುಡದಲ್ಲೇ ಹೊಲ ಇರುವ ಹುಡುಗನಿಗೆ ಮೊದಲಿನಿಂದ ಗೊತ್ತು. ರೆಕ್ಕೆಯ ಕೋನ ಬದಲಾದರೆ ಲಿಫ್ಟ್ (ಗಾಳಿ ಕೊಡುವ ಎತ್ತುಬಲ) ಬದಲಾಗುತ್ತದೆ ಅನ್ನೋ ಪಾಠ ಅವತ್ತು ಶುರುವಾಗಿದ್ದು ಅವನ ಮಾತಿನಿಂದ. ಅಲ್ಲಿವರೆಗೆ ಅವನು ಕ್ಲಾಸಿನಲ್ಲಿ ಬಾಯಿ ಬಿಟ್ಟವನಲ್ಲ.

2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ, ರೆಕ್ಕೆ ಇರುವ ಉಡಾವಣಾ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತು, ಅದು ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ನಡೆದದ್ದು ನಮ್ಮ ಚಳ್ಳಕೆರೆ ಹತ್ತಿರದ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪರೀಕ್ಷಾ ವಲಯದಲ್ಲಿ. ನಮ್ಮ ಮಕ್ಕಳಿಗೆ ಸುದ್ದಿ ಸಿಕ್ಕಿದ್ದು ಮಾತ್ರ ದೆಹಲಿಯವರ ಹಾಗೇ ಫೋನಿನಲ್ಲಿ. ಅಲ್ಲಿ ಕೆಲಸ ಮಾಡುವವರು ಬೇರೆ ಊರಿನವರು ಅಂತಲೇ ಇವರ ಮನಸ್ಸಿನಲ್ಲಿ ಕೂತಿದೆ, ಅದು ನನಗೆ ತುಂಬಾ ನೋವಿನ ಸಂಗತಿ. ಮಹಿಳಾ ದಿನಾಚರಣೆಗೆ ಟೆಸ್ಸಿ ಥಾಮಸ್ ಅವರ ಫೋಟೋ ಹಾಕುತ್ತೇವೆ, ಹಾಕಲೇಬೇಕು, ಅಗ್ನಿ ಕ್ಷಿಪಣಿ ಯೋಜನೆ ನಡೆಸಿದವರು. ಮರುದಿನ ಲ್ಯಾಬಿನಲ್ಲಿ ಐರನ್ ಯಾರ ಕೈಯಲ್ಲಿದೆ ಅಂತಲೂ ನೋಡಬೇಕು.

ದುಡ್ಡಿನ ವಿಷಯವೂ ಇದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಆಯ್ಕೆಯಾದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ, ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್ ಇದೆ. ಮೊದಲ ವರ್ಷದಲ್ಲೇ ಹೇಳಿಬಿಡಿ, ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಇನ್ನು ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಆದರೆ ಊರಿನ ಕಡೆಯ ಬಸ್ಸು ಹೊರಡುವ ಹೊತ್ತಿಗೇ ನಮ್ಮ ಪ್ರಾಜೆಕ್ಟ್ ಕೆಲಸ ಶುರುವಾಗುತ್ತಿತ್ತು. ಸಂಜೆ ಉಳಿಯುವವರೇ ವಿಮಾನ ಕಟ್ಟುವವರು ಅಂತ ಆಗಿತ್ತು. ಪ್ರಾಜೆಕ್ಟ್ ಕೆಲಸವನ್ನು ಶನಿವಾರ ಬೆಳಗ್ಗೆಗೆ ಹಾಕಿಸಿಕೊಂಡೆವು. ಮಾರ್ಕ್ಸು ಮಾತ್ರ ಇನ್ನೂ ಇಡೀ ತಂಡಕ್ಕೆ ಒಂದೇ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ, ಅವರು ಮಾಡಿದ ಕೆಲಸದ ಮೇಲೆ ಪ್ರಶ್ನೆ ಕೇಳಿ ಮಾರ್ಕ್ಸ್ ಕೊಡೋಣ ಅಂತ ವಿಭಾಗದಲ್ಲಿ ಕೇಳಿದ್ದೇನೆ. ಸಮಯ ಸಾಲಲ್ಲ ಅನ್ನುತ್ತಿದ್ದಾರೆ. ಸೆಮಿಸ್ಟರ್ ಶುರುವಾಗುವ ಮೊದಲು ಇನ್ನೊಂದು ಸಲ ಕೇಳುತ್ತೇನೆ.