46 ಡಾಲರ್ ಫೀಸಿನ ಕಾಲೇಜಿಗೆ ದೇಣಿಗೆ ಯಾಕೆ?

ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆಯ ಅಕೌಂಟಿಂಗ್ ಕ್ಲಾಸಿಗೆ ಸೇರಿದೆ. ಇಲ್ಲಿನವರಿಗೆ ಒಂದು ಯೂನಿಟ್‌ಗೆ (ಓದಿನ ಅಳತೆ ಅದು, ನಮ್ಮ ಕ್ರೆಡಿಟ್ ಇದ್ದ ಹಾಗೆ) 46 ಡಾಲರ್. 2012ರಿಂದ ಇಷ್ಟೇ. ಎರಡು ವರ್ಷದ ಡಿಗ್ರಿಗೆ 60 ಯೂನಿಟ್, ಅಂದರೆ 2,760 ಡಾಲರ್. ಬಡ ಮಕ್ಕಳಿಗೆ ಅದೂ ಮಾಫಿ. ಹೀಗಿದ್ದೂ ಕಾಲೇಜಿನ ಫೌಂಡೇಶನ್‌ನಿಂದ ದೇಣಿಗೆ ಕೇಳಿ ಕಾಗದ ಬಂತು. ಸರ್ಕಾರಿ ಕಾಲೇಜು, ಇಷ್ಟು ಅಗ್ಗ, ಇದಕ್ಕೂ ಚಂದಾನಾ ಅಂದುಕೊಂಡು ಪಕ್ಕಕ್ಕಿಟ್ಟೆ.

ಮುಂದೆ ಅದೇ ಫೌಂಡೇಶನ್‌ಗೆ ಸ್ಕಾಲರ್‌ಶಿಪ್ ಅರ್ಜಿ ಓದಿಕೊಡಲು ಹೋದಾಗ ಗೊತ್ತಾಯಿತು. ಅರ್ಜಿಗಳಲ್ಲಿ ಫೀಸಿನ ಮಾತೇ ಕಡಿಮೆ. ಕಾರಿನ ಬ್ರೇಕ್ ಹೋಗಿದೆ, ಕೆಲಸದಿಂದ ಕ್ಲಾಸಿಗೆ ಬರಲು ಬಸ್ಸಿಲ್ಲ. ಬಾಡಿಗೆ ಏರಿದೆ. ನರ್ಸಿಂಗ್ ಓದುವವರಿಗೆ ಯೂನಿಫಾರ್ಮು, ಪುಸ್ತಕ, ಪರೀಕ್ಷೆ ಖರ್ಚು. ಐನೂರು ಡಾಲರ್ ಇಲ್ಲದೆ ಓದು ನಿಂತುಹೋಗುತ್ತದೆ.

ಫೌಂಡೇಶನ್ ಕಾಲೇಜಿನ ಒಳಗೇ ಕೂತಿದ್ದರೂ ಕಾನೂನಿನ ಪ್ರಕಾರ ಬೇರೆ ಸಂಸ್ಥೆ. ತೆರಿಗೆ ಕಾನೂನಿನಲ್ಲಿ ಧರ್ಮಾರ್ಥ ಸಂಸ್ಥೆಗಳಿಗಿರುವ ಕಲಮಿನ ಹೆಸರಿನಲ್ಲೇ ಇಂಥವನ್ನು 501(ಸಿ)(3) ಅನ್ನುತ್ತಾರೆ. ಕೊಟ್ಟವರಿಗೆ ತೆರಿಗೆ ವಿನಾಯಿತಿ, ನಮ್ಮ 80ಜಿ ಇದ್ದ ಹಾಗೆ. ಬೋರ್ಡ್‌ನಲ್ಲಿ ಊರಿನ ವಕೀಲರು, ಬ್ಯಾಂಕಿನವರು, ರಿಟೈರಾದ ಮೇಷ್ಟ್ರುಗಳು. ಸಂಬಳ ಇಲ್ಲ. ಪ್ರತಿ ವರ್ಷ 990 ಅನ್ನುವ ಫಾರ್ಮ್‌ನಲ್ಲಿ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಅಕೌಂಟಿಂಗ್ ಕಲಿತ ಚಪಲಕ್ಕೆ ಒಂದು ಭಾನುವಾರ ನಾನೂ ಕೂತು ನೋಡಿದೆ.

ನನಗೆ ಹಿಡಿಸಿದ್ದು ದತ್ತಿಯ ಲೆಕ್ಕ. ನಮ್ಮೂರ ಹೈಸ್ಕೂಲಿನಲ್ಲಿ ಅಜ್ಜ 500 ರೂಪಾಯಿ ದತ್ತಿ ಇಟ್ಟಿದ್ದರು, ಗಣಿತದಲ್ಲಿ ಮೊದಲು ಬಂದವರಿಗೆ ಬಹುಮಾನ ಅಂತ. ಈಗ ಆ ಬಡ್ಡಿಗೆ ಒಂದು ಒಳ್ಳೆ ಪೆನ್ನೂ ಬರಲ್ಲ. ಇಲ್ಲಿ ದತ್ತಿ ಹಣವನ್ನು ಷೇರು, ಬಾಂಡುಗಳಲ್ಲಿ ಹಾಕಿ ವರ್ಷಕ್ಕೆ ಶೇಕಡಾ 4 ರಷ್ಟು ಮಾತ್ರ ತೆಗೆಯುತ್ತಾರೆ. 25,000 ಡಾಲರ್ ಇಟ್ಟರೆ ಒಬ್ಬರಿಗೆ 1,000. ಉಳಿದ ಗಳಿಕೆ ಗಂಟಿಗೇ ಸೇರಬೇಕು, ಬೆಲೆ ಏರಿದಂತೆ ಅದೂ ಏರಲಿ ಅಂತ. ಮಾರುಕಟ್ಟೆ ಬಿದ್ದ ವರ್ಷ ಮಾತ್ರ ಎಲ್ಲರ ಮುಖವೂ ಬಾಡಿರುತ್ತದೆ.

ದೊಡ್ಡ ಕೈಗಳೂ ಇವೆ. 2008ರಲ್ಲಿ ಬರ್ನಾರ್ಡ್ ಓಷರ್ ಫೌಂಡೇಶನ್ ಎಂಬ ಖಾಸಗಿ ದಾನಿ ಸಂಸ್ಥೆ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳ ದತ್ತಿಗೆ 2.5 ಕೋಟಿ ಡಾಲರ್ ಕೊಟ್ಟಿತು. ಕಾಲೇಜುಗಳು 2 ಡಾಲರ್ ಕೂಡಿಸಿದರೆ ಇನ್ನೊಂದು ಡಾಲರ್ ಸೇರಿಸುತ್ತೇವೆ ಎಂದೂ ಹೇಳಿತು. ಜಾಣತನ ಅಲ್ವಾ? ಕೇಳಲು ಹೋದವರಿಗೆ ಒಂದು ನೆಪ ಸಿಕ್ಕಿತು. 2021ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ಅವರ ಮಾಜಿ ಪತ್ನಿ ಮೆಕೆಂಜಿ ಸ್ಕಾಟ್ ಇದೇ ರಾಜ್ಯದ ಪಾಸಡೀನಾ ಸಿಟಿ ಕಾಲೇಜಿಗೆ 3 ಕೋಟಿ ಡಾಲರ್ ಕೊಟ್ಟರು, ಷರತ್ತಿಲ್ಲದೆ.

ಷರತ್ತಿಲ್ಲದ ಹಣವೇ ಅಪರೂಪ. ಎಲ್ಲರಿಗೂ ಹೆಸರು ಬೇಕು, ನಿಯಮ ಬೇಕು. ಇಂಥ ಹೈಸ್ಕೂಲಿನಿಂದ ಬಂದಿರಬೇಕು, ವೆಲ್ಡಿಂಗ್ ಓದುತ್ತಿರಬೇಕು, ಇಂತಿಷ್ಟು ಮಾರ್ಕ್ಸ್ ಇರಬೇಕು. ಅಂಥ ಒಂದು ಸ್ಕಾಲರ್‌ಶಿಪ್‌ಗೆ ನಾನಿದ್ದ ಎರಡು ವರ್ಷವೂ ಒಬ್ಬರೂ ಸಿಗಲಿಲ್ಲ. ಹಣ ಸುಮ್ನೆ ಕೂತಿತ್ತು. ಕೊಟ್ಟವರು ತೀರಿಕೊಂಡಿದ್ದರೆ ನಿಯಮ ಬದಲಿಸಲು ಕಾನೂನಿನ ದಾರಿಯನ್ನೇ ಹಿಡಿಯಬೇಕು. ಆಡಿಟ್, ಅಂಚೆ, ಆಫೀಸಿನವರ ಸಂಬಳ, ಬ್ರೇಕ್ ರಿಪೇರಿ, ಇವಕ್ಕೆ ಹೆಸರಿಡಲು ಯಾರೂ ಬರಲ್ಲ.

ಈ ಸಲ ಚೆಕ್ ಬರೆದಾಗ ‘ಎಲ್ಲಿ ಬೇಕೋ ಅಲ್ಲಿ’ ಎಂಬ ಚೌಕಕ್ಕೆ ಗುರುತು ಹಾಕಿದೆ. ನಮ್ಮ ಯಜಮಾನರ ಕಂಪನಿ ಅಷ್ಟೇ ಮೊತ್ತ ತಾನೂ ಹಾಕುತ್ತದೆ, ಒಂದು ಫಾರ್ಮ್ ತುಂಬಿದರೆ ಸಾಕು. ‘ನಾಳೆ ಮಾಡ್ತೀನಿ’ ಅಂತ ಅವರು ಹೇಳಿ ಮೂರು ವಾರವಾಯಿತು.