ಅದಿರು ಲಾರಿಯ ಸಾಲ ಮತ್ತು 1865ರ ಮುಂಬೈ

ನಾನು ಅಂಕೋಲಾ–ಕಾರವಾರ ಭಾಗದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಬಡ್ಡಿ ಲೆಕ್ಕವನ್ನಲ್ಲ, ಎರಡು ಪ್ರಶ್ನೆಗಳನ್ನು. ಈ ಸಾಲ ತೀರುವುದು ಯಾವ ದುಡ್ಡಿನಿಂದ? ತೀರದಿದ್ದರೆ ನಾವು ಮಾರುವುದು ಯಾವುದನ್ನು? ಎರಡಕ್ಕೂ ಒಂದೇ ವ್ಯಾಪಾರ ಉತ್ತರವಾದರೆ, ಫೈಲಿನಲ್ಲಿ ಕಾಗದ ಎಷ್ಟೇ ಇದ್ದರೂ ಆ ಸಾಲಕ್ಕೆ ಭದ್ರತೆ ಇಲ್ಲ.

ಇದು ನನಗೆ ಮನಸ್ಸಿಗೆ ಇಳಿದದ್ದು ಕಬ್ಬಿಣದ ಅದಿರಿನ ಕಾಲದಲ್ಲಿ. 2010ಕ್ಕೆ ಮೊದಲು ಇಲ್ಲಿದ್ದವರಿಗೆ ನೆನಪಿರುತ್ತದೆ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಹೊರಟ ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೇಕೇರಿ, ಕಾರವಾರ ಬಂದರಿಗೆ ಹಗಲು ರಾತ್ರಿ ಬರುತ್ತಿದ್ದವು. ರಸ್ತೆ ಬದಿಯ ಮರದ ಎಲೆಯೆಲ್ಲ ಕೆಂಪು ಧೂಳು. ಚೀನಾದ ಉಕ್ಕಿನ ಕಾರ್ಖಾನೆಗಳು ಎಷ್ಟು ಅದಿರು ಕೊಟ್ಟರೂ ಕೊಳ್ಳುತ್ತಿದ್ದವು. ಜನ ಜಮೀನು ಅಡ ಇಟ್ಟು, ಮನೆಯ ಬಂಗಾರ ಇಟ್ಟು ಟಿಪ್ಪರ್ ತೆಗೆದುಕೊಂಡರು.

ಆಗ ಬಂದ ಒಂದು ಅರ್ಜಿ ಹೇಳುತ್ತೇನೆ. ಹುಡುಗ ಚುರುಕು, ಮೊದಲೇ ಒಂದು ಲಾರಿ ಇತ್ತು, ಕಂತು ಒಂದೂ ತಪ್ಪಿರಲಿಲ್ಲ. ಎರಡನೇ ಲಾರಿಗೆ ಸಾಲ ಬೇಕಿತ್ತು, ಮೊದಲನೆಯದೇ ಅದಕ್ಕೆ ಅಡಮಾನ. ಟ್ರಿಪ್ ಬಾಡಿಗೆಯ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ. ಡೀಸೆಲ್, ಟೈರ್, ಚಾಲಕರ ಸಂಬಳ ಕಳೆದರೂ ಕಂತು ಕಟ್ಟಿ ಮಿಕ್ಕುತ್ತಿತ್ತು. ನಮ್ಮ ಹಿರಿಯ ಮ್ಯಾನೇಜರು ಚೀಟಿ ಪೂರಾ ನೋಡಿ, "ತಮಾ, ಅದಿರು ನಿಂತರೆ?" ಅಂದರು. "ಲಾರಿ ಮಾರಿ ಕಟ್ತೇನೆ ಸರ್" ಅಂದ. "ಅದಿರು ನಿಂತರೆ ನೀನೊಬ್ಬನೇ ಮಾರುವುದಲ್ಲ, ಎಲ್ಲರೂ ಮಾರ್ತಾರೆ. ತಗೊಳ್ಳುವವ ಯಾರು?" ಹುಡುಗನಲ್ಲಿ ಉತ್ತರ ಇರಲಿಲ್ಲ. ಸಾಲ ಸಿಗಲಿಲ್ಲ. ಆತ ಬೇಸರ ಮಾಡಿಕೊಂಡೇ ಎದ್ದುಹೋದ.

ಆ ಹೊತ್ತಿಗೆ ಒಂದು ಏಟು ಬಿದ್ದು ಹೋಗಿತ್ತು ಕೂಡ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಲ್ಲಿ ಬಿದ್ದದ್ದು ಮನೆ ಸಾಲ. ಆದರೆ ಅದೇ ವರ್ಷದ ಕೊನೆಗೆ ಅದಿರಿನ ದರವೂ ಕುಸಿಯಿತು. ಸ್ವಲ್ಪ ದಿನಕ್ಕೆ ಚೀನಾದ ಖರೀದಿ ಮತ್ತೆ ಜೋರಾಯಿತು. ಜನ ಇದರಿಂದ ಕಲಿತದ್ದು ಉಲ್ಟಾ: "ನೋಡಿ, ಬಿದ್ದರೂ ಏಳ್ತದೆ." ನನ್ನ ಪ್ರಕಾರ ದೊಡ್ಡ ಕುಸಿತಕ್ಕಿಂತ ಅದರ ಮುಂಚೆ ಬರುವ ಈ ಸಣ್ಣ ಕುಸಿತವೇ ಹೆಚ್ಚು ಅಪಾಯ. ಅದು ವಾಸಿಯಾದ ಮೇಲೆ ಸಾಲ ಕೊಡುವವರಿಗೂ ಧೈರ್ಯ, ತೆಗೆದುಕೊಳ್ಳುವವರಿಗೂ ಧೈರ್ಯ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಕಾನೂನು ಮೀರಿ ಸಾಗುತ್ತಿದ್ದ ಅದಿರನ್ನು ನಿಲ್ಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿಗಳು ಗದ್ದೆ ಬದಿಯಲ್ಲಿ ಸಾಲಾಗಿ ನಿಂತವು. ಬಾಡಿಗೆ ಇಲ್ಲ, ಕೊಳ್ಳುವವರೂ ಇಲ್ಲ.

ನಮ್ಮ ಕರಾವಳಿಗೆ ಇದು ಮೊದಲ ಸಲವೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು, ನಮ್ಮ ಹತ್ತಿಗೆ ದರ ಏರಿತು. ಧಾರವಾಡ ಕಡೆಯ ಹತ್ತಿ ಕಾರವಾರದಿಂದ ಹಡಗು ಹತ್ತಲಿ ಅಂತ ಘಟ್ಟದ ರಸ್ತೆ, ಬಂದರಿನ ಕೆಲಸ ನಡೆದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಈ ಬಂದರಿನ ಆಸೆ ಒಂದು ಕಾರಣ.

ಹತ್ತಿಯ ದುಡ್ಡು ಮುಂಬೈಯಲ್ಲಿ ಷೇರಿಗೆ ಹರಿಯಿತು. ಸಮುದ್ರ ತುಂಬಿಸಿ ಜಾಗ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಷೇರು 50,000ದ ಹತ್ತಿರ ಹೋಯಿತು. ಇನ್ನು ಬ್ಯಾಂಕ್ ಆಫ್ ಬಾಂಬೆ. 1840ರಲ್ಲಿ ಶುರುವಾದ, ಸರ್ಕಾರದ ಪಾಲೂ ಇದ್ದ ಬ್ಯಾಂಕು. ಷೇರು ಅಡ ಇಟ್ಟುಕೊಂಡು ಸಾಲ ಕೊಡಲು ಅದಕ್ಕೆ ಹಿಂದೆ ಕಟ್ಟುಪಾಡು ಇತ್ತು, 1863ರ ಹೊಸ ಕಾಯ್ದೆ ಅದನ್ನು ಸಡಿಲ ಮಾಡಿತು. ಸಾಲ ಸಿಕ್ಕವರು ಮತ್ತೆ ಷೇರನ್ನೇ ಕೊಂಡರು, ಬೆಲೆ ಇನ್ನೂ ಏರಿತು. ಏರಿದ ಬೆಲೆ ತೋರಿಸಿ ಮತ್ತಷ್ಟು ಸಾಲ. ನಮ್ಮ ಹುಡುಗನ ಮೊದಲ ಲಾರಿ, ಎರಡನೇ ಲಾರಿಯ ಲೆಕ್ಕವೇ ಇದು, ಅಲ್ವಾ?

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯುತ್ತಾ ಬಂತು. ಹತ್ತಿ ದರ ಬಿತ್ತು. ಮುಂದಿನ ದಿನಾಂಕಕ್ಕೆ ಇಂತಿಷ್ಟು ಬೆಲೆಗೆ ಷೇರು ಕೊಳ್ಳುತ್ತೇವೆ ಅಂತ ಮೊದಲೇ ಮಾಡಿಕೊಂಡ ವಾಯಿದೆ ಒಪ್ಪಂದಗಳನ್ನು ಜುಲೈ 1ಕ್ಕೆ ತೀರಿಸಬೇಕಿತ್ತು, ತೀರಿಸಲು ಯಾರ ಕೈಯಲ್ಲೂ ದುಡ್ಡಿರಲಿಲ್ಲ. 2,850 ರೂಪಾಯಿಗೆ ಹೋಗಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳಿಯಿತು. 1868ರಲ್ಲಿ ಬ್ಯಾಂಕು ಮುಚ್ಚಿತು.

1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದೂ ಇದೇ ದಾರಿಯಲ್ಲಿ. ಷೇರಿನ ಬೆಲೆಯಲ್ಲಿ ಕೆಲವೊಮ್ಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಕೈಯಿಂದ, ಉಳಿದದ್ದು ದಲ್ಲಾಳಿ ಕೊಟ್ಟ ಸಾಲ. ಬೆಲೆ ನೂರಕ್ಕೆ ಹತ್ತು ಇಳಿದರೆ ಸ್ವಂತ ದುಡ್ಡು ಪೂರ್ತಿ ಹೋಯಿತು. ಆಗ ದಲ್ಲಾಳಿ ಷೇರು ಮಾರುತ್ತಾನೆ, ಅದರಿಂದ ಬೆಲೆ ಇನ್ನೂ ಇಳಿಯುತ್ತದೆ.

ನನಗೆ ಜಾಸ್ತಿ ಸಂಕಟ ಆಗುವುದು ವ್ಯಾಪಾರಕ್ಕೇ ಇಳಿಯದವರನ್ನು ನೆನೆದು. ನಮ್ಮಲ್ಲಿ ಜಾಮೀನು ಹಾಕುವವರು ಸಂಬಂಧಿಕರು, ನೆರೆಮನೆಯವರು, ಶಾಲೆ ಮಾಸ್ತರರು. ಬೇರೊಂದು ಸಂಘದಲ್ಲಿ ಅಳಿಯನ ಲಾರಿಗೆ ಸಹಿ ಹಾಕಿದ್ದ ಒಬ್ಬ ಮಾಸ್ತರರು ನನ್ನ ಮೇಜಿಗೆ ಬಂದು ಸಂಬಳದ ಚೀಟಿ ತೋರಿಸಿದ್ದರು. ಪ್ರತಿ ತಿಂಗಳು ಅವರ ಸಂಬಳದಲ್ಲಿ ಕಂತು ಮುರಿಯುತ್ತಿತ್ತು. ಅವರು ಆ ಲಾರಿ ಹತ್ತಿಯೂ ಇರಲಿಲ್ಲ.

ಠೇವಣಿ ಇಟ್ಟವರದ್ದೂ ಇದೇ ಪಾಡು. ಅಮೆರಿಕದಲ್ಲಿ 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕು ಮುಳುಗಿದವು. ಆಮೇಲೆಯೇ ಅಲ್ಲಿ ಠೇವಣಿ ವಿಮೆ ಬಂದದ್ದು. ನಮ್ಮಲ್ಲಿ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಮೇಲೆ, 1962ರ ಜನವರಿಯಿಂದ ಠೇವಣಿದಾರರಿಗೆ ತಲಾ 1,500 ರೂಪಾಯಿವರೆಗೆ ವಿಮೆ ಶುರುವಾಯಿತು. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷ ಆಯಿತು.

ಒಂದು ವಿಷಯ ನಮ್ಮ ಜನರಿಗೆ ಗೊತ್ತಿರಲೇಬೇಕು. ಈ ವಿಮೆ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಇದೆ. ನಮ್ಮಂಥ ಪ್ರಾಥಮಿಕ ಸಹಕಾರಿ ಸಂಘಗಳಿಗೆ ಇಲ್ಲ. ಸಂಘದವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ಇರುವುದನ್ನೆಲ್ಲ ಒಂದೇ ಸೊಸೈಟಿಯಲ್ಲಿ ಇಡಬೇಡಿ. ಇಟ್ಟಿದ್ದರೆ ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ಅಲ್ಲಿ ಹಂಚುವ ವರದಿಯಲ್ಲಿ ಸುಸ್ತಿ ಬಾಕಿ, ಅಂದರೆ ವಾಯಿದೆ ಮೀರಿಯೂ ತೀರದ ಸಾಲ, ಎಷ್ಟು ಅಂತ ಹುಡುಕಿ. ಲಾಭ, ಡಿವಿಡೆಂಡ್ ಓದಿ ಮುಗಿಸಿ ಊಟಕ್ಕೆ ಕರೆಯುವ ಮೊದಲು ಎದ್ದು ನಿಂತು, "ಒಟ್ಟು ಸಾಲದಲ್ಲಿ ಒಂದೇ ವ್ಯಾಪಾರಕ್ಕೆ ಹೋದದ್ದು ಎಷ್ಟು ಪಾಲು?" ಅಂತ ಕೇಳಿ. ನೀವು ಸದಸ್ಯರಾಗಿದ್ದರೆ ಹಾಗೆ ಕೇಳುವ ಹಕ್ಕು ನಿಮಗಿದೆ.