ಅಂದಾಜು ಮೇಷ್ಟ್ರು

ಕಳೆದ ಕಾರ್ತಿಕದಲ್ಲಿ ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದೆ. ಫೋನು ಮಾಡಿದ ಹಳೆಯ ಗೆಳೆಯ ಹೇಳಿದ್ದು ಇಷ್ಟೇ: "ಅಂದಾಜು ಹೋಗಿಬಿಟ್ರು ಕಣೋ." ಯಾರು ಅಂತ ಕೇಳಬೇಕಾಗಲಿಲ್ಲ. ನಾನು 1987ರಿಂದ 1990ರವರೆಗೆ ಅವರು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಬಿಎಸ್ಸಿ ಓದಿದೆ. ನಮ್ಮ ಹಿಂದಿನವರಿಗೂ ಮುಂದಿನವರಿಗೂ ಅವರು ಅಂದಾಜು ಮೇಷ್ಟ್ರೇ.

ಅವರು ಬೋರ್ಡಿನ ಮೇಲೆ ಲೆಕ್ಕ ಬರೆದ ಕೂಡಲೇ ನಾವು ಲಾಗರಿದಮ್ ಕೋಷ್ಟಕಗಳ ಪುಸ್ತಕ ಕ್ಲಾರ್ಕ್ಸ್ ಟೇಬಲ್ ತೆಗೆಯುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. "ಮುಚ್ಚಿಡಿ. ಮೊದಲು ಅಂದಾಜು ಎಷ್ಟು, ಹೇಳಿ." ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರೂ ಒಂದು ಸಂಖ್ಯೆ ಹೇಳಬೇಕು. ಅದೆಲ್ಲ ಬೋರ್ಡಿನ ಮೂಲೆಯಲ್ಲಿ ಇರುತ್ತಿತ್ತು. ಲೆಕ್ಕ ಮುಗಿದ ಮೇಲೆ ಮತ್ತೆ ಆ ಮೂಲೆಗೆ ಬಂದು, ಯಾರು ಎಷ್ಟು ದೂರದಲ್ಲಿದ್ದರು ಅಂತ ನೋಡುತ್ತಿದ್ದರು. ದೂರ ಇದ್ದವರಿಗೆ ಬೈಗುಳ ಇರಲಿಲ್ಲ. "ನಿನ್ನ ಉತ್ತರ ಎಷ್ಟು ತಪ್ಪಿರಬಹುದು?" ಅಂತ ಕೇಳಿದಾಗ ಸುಮ್ನೆ ನಿಂತರೆ ಮಾತ್ರ ಅವರಿಗೆ ಬೇಸರ.

ಮೂರು ವರ್ಷದಲ್ಲಿ ಏನೇನು ಪಾಠವಾಯಿತು ಅಂದರೆ ಅರ್ಧದಷ್ಟೂ ನೆನಪಿಲ್ಲ. ಮೊದಲ ದಿನದ ಪಾಠ ಮಾತ್ರ ಚೆನ್ನಾಗಿ ನೆನಪಿದೆ. ಎರಡರ ವರ್ಗಮೂಲ ಕಂಡುಹಿಡಿಯಬೇಕಿತ್ತು. ಯಾರೋ 1.5 ಅಂದರು. "ಸರಿ. ಎರಡನ್ನು ಅದರಿಂದ ಭಾಗಿಸಿ. 1.333 ಬಂತಲ್ವಾ? ಒಂದು ಜಾಸ್ತಿ, ಒಂದು ಕಡಿಮೆ. ಎರಡರ ನಡುವೆ ನಿಲ್ಲಿ." 1.41667 ಬಂತು. ಅದನ್ನೇ ಇನ್ನೊಮ್ಮೆ ಮಾಡಿಸಿದರು. 1.414216. ನಿಜವಾದ ಬೆಲೆ 1.414213 ಚಿಲ್ಲರೆ. ಎರಡೇ ತಿದ್ದುಪಡಿಗೆ ಐದು ದಶಮಾಂಶ ಕೈಗೆ ಬಂದಿತ್ತು. ಅವರು ಬೋರ್ಡಿನ ಮೇಲೆ 577/408 ಅಂತ ಬರೆದು, ಯಜ್ಞದ ಇಟ್ಟಿಗೆ ಜೋಡಿಸುವವರ ಶುಲ್ಬಸೂತ್ರದಲ್ಲೂ ಇದೇ ಬೆಲೆ ಇದೆ ಅಂದರು. ತಪ್ಪು ಊಹೆಯಿಂದ ಹೊರಟು ಸರಿಯ ಹತ್ತಿರ ಹೋಗಬಹುದು ಅನ್ನುವುದು ಹಳ್ಳಿಯಿಂದ ಬಂದ, ಬಾಯಿ ಬಿಡಲು ಹೆದರುತ್ತಿದ್ದ ನನಗೆ ದೊಡ್ಡ ಧೈರ್ಯ ಕೊಟ್ಟಿತು.

ಅವರಿಗೆ ಜೊತೆ ಅಂದರೆ ನಮ್ಮ ಕನ್ನಡ ಪಂಡಿತರು. ಇಬ್ಬರೂ ಆಗುಂಬೆ ಕಡೆಯಿಂದ ಬರುವ ಒಂದೇ ಬಸ್ಸಿನಲ್ಲಿ ಇಳಿಯುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ ಪಂಡಿತರು ಛಂದಸ್ಸು ಹೇಳುತ್ತಿದ್ದಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರು: "ನಾಲ್ಕು ಮಾತ್ರೆಯ ಗಣ ಎಷ್ಟು ಥರ ಮಾಡಬಹುದು, ಸ್ವಾಮಿ?" ಪಂಡಿತರು ಒಳಗೆ ಕರೆದರು. ಆಮೇಲೆ ಎರಡು ಪೀರಿಯಡ್ ಕಳೆದದ್ದೇ ನಮಗೆ ಗೊತ್ತಾಗಲಿಲ್ಲ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗಣದ ಕೊನೆಯಲ್ಲಿ ಲಘು ಇದ್ದರೆ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಿಮೆ, ಗುರು ಇದ್ದರೆ ಎರಡು ಕಡಿಮೆ. ಹಾಗಾಗಿ ಹಿಂದಿನ ಎರಡು ಎಣಿಕೆ ಕೂಡಿಸಿದರೆ ಮುಂದಿನದು ಸಿಗುತ್ತದೆ. 1, 2, 3, 5, 8. ಜಗತ್ತೆಲ್ಲ ಫಿಬೊನಾಚಿ ಸಂಖ್ಯೆ ಅನ್ನುವುದು ಇದನ್ನೇ. ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕಿಂತ ಮೊದಲೇ ನಮ್ಮ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರ ಪದ್ಯದ ಮಾತ್ರೆ ಎಣಿಸುತ್ತಾ ಇದನ್ನು ಬರೆದಿಟ್ಟಿದ್ದರು. ಕವಿತೆಯ ಲೆಕ್ಕದಿಂದ ಗಣಿತ ಹುಟ್ಟಿತ್ತು.

ಮೇಷ್ಟ್ರು ಹುರುಪಿನಿಂದ ಭಾಮಿನಿ ಷಟ್ಪದಿಗೆ ಕೈಹಾಕಿದರು. ಸಣ್ಣ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಮೂರರದ್ದು ಮೂರು ಥರ, ನಾಲ್ಕರದ್ದು ಐದು ಥರ. "ಗುಣಿಸಿದರೆ ಒಂದು ಸಾಲಿಗೆ 225 ಥರ!" ಪಂಡಿತರು ತಲೆ ಅಲ್ಲಾಡಿಸಿದರು. "ಆಗೋದಿಲ್ಲ. ಗಣದ ಮೊದಲಲ್ಲಿ ಲಘು ಬಂದು ಅದರ ಮೇಲೆ ಗುರು ಕೂರಬಾರದು. ಓದಿ ನೋಡಿ, ಎಡವುತ್ತದೆ." ಅಂತ ಒಂದು ಸಾಲನ್ನು ಬೇಕಂತಲೇ ಕೆಡಿಸಿ ಹಾಡಿ ತೋರಿಸಿದರು. ನಿಜ, ಕಾಲು ಎಡವಿದ ಹಾಗೆಯೇ ಕೇಳಿಸಿತು. ಮೇಷ್ಟ್ರು ಒರೆಸಿ ಮತ್ತೆ ಬರೆದರು. ಮೂರು ಹೋಗಿ ಎರಡಾಯಿತು, ಐದು ಹೋಗಿ ನಾಲ್ಕಾಯಿತು. ಸಾಲಿಗೆ 64. ಉದ್ದದ ಸಾಲಿನಲ್ಲಿ ಮೂರು, ನಾಲ್ಕರ ಜೋಡಿ ಮೂರು ಸಲ, ಹಾಗಾಗಿ ಕೊನೆಯ ಗುರು ಬಿಟ್ಟು 512. ನಾಲ್ಕು ಸಣ್ಣ ಸಾಲು, ಎರಡು ಉದ್ದದ ಸಾಲು ಸೇರಿಸಿ ಇಡೀ ಪದ್ಯ ಲೆಕ್ಕ ಹಾಕಿದಾಗ 4 ಲಕ್ಷ 39 ಸಾವಿರ ಕೋಟಿಗೂ ಜಾಸ್ತಿ ಬಂತು. ಪಂಡಿತರು ಬೋರ್ಡನ್ನೇ ನೋಡುತ್ತಾ ನಿಂತರು. "ಹಾಗಾದರೆ ಕುಮಾರವ್ಯಾಸನಿಗೆ ಜಾಗ ಸಾಕಷ್ಟಿತ್ತು," ಅಂದರು. ಕಿವಿ ಹೇಳಿದ ನಿಯಮವನ್ನು ಗಣಿತ ಒಪ್ಪಿಕೊಂಡು ಮತ್ತೆ ಎಣಿಸಿದ್ದು ನಾನು ಅಲ್ಲಿ ಮೊದಲ ಸಲ ನೋಡಿದ್ದು.

ಇನ್ನೊಂದು ದಿನ ಗೆಳೆಯನ ಅಪ್ಪನ ಮೃದಂಗ ಕ್ಲಾಸಿಗೆ ಬಂತು. ಸಾಮಾನ್ಯ ಚರ್ಮದ ವಾದ್ಯದಲ್ಲಿ ಮೂಲ ಸ್ವರದ ಜೊತೆ ಏಳುವ ಮೊದಲ ಮೇಲ್ಸ್ವರ ಅದರ 1.59 ಪಟ್ಟು. ಅದು ಎರಡು ಪಟ್ಟೂ ಅಲ್ಲ, ಒಂದೂವರೆಯೂ ಅಲ್ಲ. ಅದಕ್ಕೇ ತಮಟೆಗೆ ಶ್ರುತಿ ನಿಲ್ಲುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಈ ಮೇಲ್ಸ್ವರಗಳನ್ನು 1, 2, 3, 4, 5ರ ಸಾಲಿಗೆ ತಂದು ನಿಲ್ಲಿಸುತ್ತದೆ. ಸಿ.ವಿ. ರಾಮನ್ ಇದನ್ನು 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. "ಕರಣೆ ಹಚ್ಚುವವನು ಸಮೀಕರಣ ಬಿಡಿಸಿಲ್ಲ. ಅನ್ನ, ಕಿಟ್ಟ ಕಲಸಿ ಪದರ ಪದರವಾಗಿ ಹಚ್ಚಿ, ಬಾರಿಸಿ ಕೇಳಿ, ತಿದ್ದಿದ್ದಾನೆ. ನಾವು ಮಾಡೋದೂ ಅದೇ," ಅಂದಿದ್ದರು ಮೇಷ್ಟ್ರು.

ಈಗ ನಮ್ಮ ಕಿಡಿಗೇಡಿತನದ ಕಥೆ ಹೇಳಲೇಬೇಕು.

ಎರಡನೇ ವರ್ಷ ಮೇಷ್ಟ್ರು ನಾಲ್ವರಿಗೊಂದು ಗುಂಪು ಮಾಡಿ ಬೆಂಕಿಕಡ್ಡಿ ಎಸೆಯಲು ಹೇಳಿದರು. 18ನೇ ಶತಮಾನದ ಫ್ರೆಂಚ್ ಪಂಡಿತ ಬುಫಾನ್ ಯೋಚಿಸಿದ ಪ್ರಯೋಗ ಅದು. ಕಡ್ಡಿಯ ಉದ್ದದಷ್ಟೇ ಅಂತರದಲ್ಲಿ ನೆಲದ ಮೇಲೆ ಗೆರೆ ಎಳೆಯಬೇಕು. ಕಡ್ಡಿ ಎಸೆಯುತ್ತಾ ಹೋಗಬೇಕು. ಎಸೆದ ಕಡ್ಡಿಗಳನ್ನು ಎರಡರಿಂದ ಗುಣಿಸಿ, ಗೆರೆ ದಾಟಿ ಬಿದ್ದ ಕಡ್ಡಿಗಳಿಂದ ಭಾಗಿಸಿದರೆ ಪೈ ಬೆಲೆಯ ಹತ್ತಿರ ಬರುತ್ತದೆ. ವೃತ್ತವೇ ಇಲ್ಲದ ಕಡೆ ಪೈ ಬರುತ್ತದೆ!

ನಮ್ಮ ಗುಂಪಿಗೆ ಅಂದು ತುಂಗೆ ಕರೆಯುತ್ತಿದ್ದಳು. ಬೇಸಿಗೆ, ನೀರು ತಿಳಿಯಾಗಿತ್ತು. ಸೀಮೆಸುಣ್ಣದ ಗೆರೆ ಎಳೆದು, ಬೆಂಕಿಪೊಟ್ಟಣ ಅಲ್ಲೇ ಇಟ್ಟು, ನಾಲ್ವರೂ ಈಜಲು ಓಡಿದೆವು. ಸಂಜೆ ದಡದಲ್ಲಿ ಕೂತು ಫಲಿತಾಂಶ ತಯಾರಿಸಿದ್ದು ನಾನೇ. ಪೈಗೆ 355/113 ತುಂಬಾ ಒಳ್ಳೆಯ ಬೆಲೆ ಅಂತ ನನಗೆ ಗೊತ್ತಿತ್ತು. ಅದಕ್ಕೆ ಹೊಂದುವ ಹಾಗೆ ಎಸೆದದ್ದು 710, ದಾಟಿದ್ದು 452 ಅಂತ ಬರೆದೆ. 1420 ಭಾಗಿಸು 452. ಆರು ದಶಮಾಂಶದವರೆಗೆ ಸರಿ.

ಮೇಷ್ಟ್ರು ಹಾಳೆ ನೋಡಿದರು. ಹಾಳೆಯ ಅಂಚಿನಲ್ಲಿ 1420, 452 ಎರಡನ್ನೂ ನಾಲ್ಕರಿಂದ ಭಾಗಿಸಿದರು. ಆಮೇಲೆ ಕಡ್ಡಿ ತರಲು ಹೇಳಿದರು. ಒಂದೊಂದೇ ಬೆಳಕಿಗೆ ಹಿಡಿದು ನೋಡಿ, "ಒಂದಕ್ಕೂ ಸೀಮೆಸುಣ್ಣ ಹತ್ತಿಲ್ಲವಲ್ಲ," ಅಂದರು.

ಕೂಗಾಡಲಿಲ್ಲ. ಲಾಜರೀನಿ ಅನ್ನುವ ಇಟಲಿಯವನ ಕಥೆ ಹೇಳಿದರು. ಆತ 1901ರಲ್ಲಿ 3408 ಸಲ ಸೂಜಿ ಎಸೆದೆ, 1808 ಸಲ ದಾಟಿತು ಅಂತ ಪ್ರಕಟಿಸಿದ. ಅವನ ಸೂಜಿ ಗೆರೆಗಳ ಅಂತರದ ಆರರಲ್ಲಿ ಐದು ಭಾಗವಿತ್ತು, ಅದನ್ನು ಲೆಕ್ಕಕ್ಕೆ ಹಿಡಿದರೆ ಅವನಿಗೂ ಸರಿಯಾಗಿ 355/113 ಬಂತು. ಅಷ್ಟು ಚೆನ್ನಾಗಿ ಬಂದದ್ದಕ್ಕೇ ಜನ ಅವನನ್ನು ನಂಬಲಿಲ್ಲ. "710 ಎಸೆದರೆ ಹದಿಮೂರು ಕಡ್ಡಿ ಆಚೀಚೆ ಆಗೋದು ಸಹಜ. ಸರಿಯಾಗಿ 452 ಬರೋದು ನೂರರಲ್ಲಿ ಮೂರು ಸಲ. ಒಂದು ಅಂಕಿ ಜಾಸ್ತಿ ಸರಿ ಬರಬೇಕಾದರೆ ನೂರು ಪಟ್ಟು ಕಡ್ಡಿ ಎಸೆಯಬೇಕು. ಆರ್ಯಭಟ 3.1416 ಅಂತ ಹೇಳಿ, ಪಕ್ಕದಲ್ಲೇ ಆಸನ್ನ ಅಂದ. ಹತ್ತಿರ ಇದೆ, ಅಷ್ಟೇ ಅಂದ. ಅಂಥವನೇ ಹಾಗೆ ಹೇಳಿರುವಾಗ ನಿಮಗೆ ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಸಿಕ್ಕಿತಾ?"

ಶನಿವಾರ ಮತ್ತೆ ಎಸೆದೆವು. ಹತ್ತು ಹತ್ತು ಕಡ್ಡಿಯಂತೆ 71 ಸಲ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ನಮ್ಮ ಜೊತೆ ಕೂತು ಎಣಿಸಿದರು. 463 ದಾಟಿದವು. ಪೈ 3.067 ಬಂತು. ಅದಕ್ಕೆ ಪೂರ್ತಿ ಅಂಕ ಕೊಟ್ಟರು.

ಅದೇ ವಾರ ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ರಿಚರ್ಡ್‌ಸನ್ ಕಥೆಯನ್ನೂ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಪಡೆಯಲ್ಲಿದ್ದುಕೊಂಡೇ ಆತ ಕೈಲೆಕ್ಕದಲ್ಲಿ ಹವಾಮಾನ ಲೆಕ್ಕ ಹಾಕಿದ. ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಅಂತ ಬಂತು. ನಿಜದಲ್ಲಿ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. ಆತ ಆ ತಪ್ಪನ್ನು ಮುಚ್ಚಿಡದೆ 1922ರ ಪುಸ್ತಕದಲ್ಲಿ ಹಾಗೆಯೇ ಅಚ್ಚು ಹಾಕಿದ. ಇಂದು ಮೊಬೈಲಿನಲ್ಲಿ ನೋಡುವ ಮಳೆಯ ಮುನ್ಸೂಚನೆ ಅದೇ ದಾರಿಯಲ್ಲಿ ಬಂದದ್ದು.

ಶ್ರದ್ಧಾಂಜಲಿ ಸಭೆಗೆ ಸುಮಾರು ಎಂಬತ್ತು ಜನ ಬಂದಿದ್ದೆವು. ಬೆಂಗಳೂರಿನ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮ್ಮ ಜೂನಿಯರ್ ಒಬ್ಬಳು ಮಾತಾಡಿದಳು. ಅವಳ ಕಂಪ್ಯೂಟರ್ ಪ್ರತಿ ಚಿತ್ರಕ್ಕೂ ಬೆಳಕಿನ ಕಿರಣಗಳನ್ನು ಗೊತ್ತುಗುರಿಯಿಲ್ಲದೆ ಎಸೆಯುತ್ತದಂತೆ. ಕಿರಣ ಕಡಿಮೆಯಾದರೆ ಚಿತ್ರದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕಿ. ಆ ರವೆ ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಕಿರಣ ಬೇಕು. "ನಮ್ಮ ಬೆಂಕಿಕಡ್ಡಿಯ ಲೆಕ್ಕವೇ, ಸರ್," ಅಂತ ಫೋಟೋ ಕಡೆ ತಿರುಗಿ ಹೇಳಿದಳು. ಆಗ ನನಗೆ ಅಳು ತಡೆಯಲಾಗಲಿಲ್ಲ.

ಈಗಿನ ಮಕ್ಕಳು ನಮಗಿಂತ ಚುರುಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರಿಗೆ ಒಂದು ಪ್ರಶ್ನೆಗೆ ಒಂದು ನಿಮಿಷ. ನಾಲ್ಕು ಉತ್ತರ ಮೊದಲೇ ಅಚ್ಚಾಗಿರುತ್ತವೆ, ಒಂದು ವೃತ್ತ ಕಪ್ಪು ಮಾಡಬೇಕು. ಅಂದಾಜು ಮಾಡುವ ಪುರುಸೊತ್ತನ್ನು ನಾವೇ ಅವರಿಂದ ಕಿತ್ತುಕೊಂಡಿದ್ದೇವೆ. ನನ್ನ ಅಣ್ಣನ ಮಗನ ಲೆಕ್ಕದಲ್ಲಿ ಓಟಗಾರನೊಬ್ಬನ ವೇಗ ಗಂಟೆಗೆ 140 ಕಿಲೋಮೀಟರ್ ಬಂದಿತ್ತು. ಎಂಟು ದಶಮಾಂಶ ಬರೆದಿದ್ದ. ಇಷ್ಟು ವೇಗವಾಗಿ ಮನುಷ್ಯ ಓಡುತ್ತಾನಾ ಅಂತ ಕೇಳಿದರೆ, "ಕ್ಯಾಲ್ಕುಲೇಟರ್ ಹಾಗೇ ಹೇಳ್ತು ಚಿಕ್ಕಪ್ಪ," ಅಂದ. ತಪ್ಪು ಅವನದಲ್ಲ. ಯಾರೂ ಅವನನ್ನು ಮೊದಲು ಅಂದಾಜು ಕೇಳಿರಲಿಲ್ಲ.

ನಾನು ಇಪ್ಪತ್ತೈದು ವರ್ಷದಿಂದ ಸಿಟಿ ಸ್ಕ್ಯಾನ್ ಯಂತ್ರಗಳಿಗೆ ಚಿತ್ರ ಮೂಡಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ನಾನು ರೂಪಿಸಿದ ಒಂದು ತಿದ್ದುಪಡಿ ವಿಧಾನ ಇಂದು ಆಸ್ಪತ್ರೆಗಳಲ್ಲಿ ಓಡುತ್ತಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ನಮ್ಮ ಬ್ಯಾಚಿನಲ್ಲಿ ಮೇಷ್ಟ್ರ ಪಾಠವನ್ನು ಅತಿ ಹತ್ತಿರದಿಂದ ಕೆಲಸಕ್ಕೆ ಇಳಿಸಿದವನು ನಾನು. ಈ ಯಂತ್ರವನ್ನು ಮೊದಲು ಕಟ್ಟಿದ ಹೌನ್ಸ್‌ಫೀಲ್ಡ್ ಇದ್ದದ್ದು ಇಎಂಐ ಕಂಪನಿಯಲ್ಲಿ. ನಮ್ಮ ಮನೆಗಳಲ್ಲಿದ್ದ ನಾಯಿ ಚಿತ್ರದ ಗ್ರಾಮಫೋನ್ ರೆಕಾರ್ಡ್ ನೆನಪಿದೆಯಲ್ವಾ? ಅದೇ ಮನೆತನದ ಕಂಪನಿ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. 28,800 ಅಳತೆಗಳಿಂದ ಚಿತ್ರದ 6,400 ಚೌಕಗಳ ಬೆಲೆ ಕಂಡುಹಿಡಿಯಬೇಕಿತ್ತು. ಮಾಡಿದ ದಾರಿ ಒಂದು ಊಹೆ, ಒಂದು ಹೋಲಿಕೆ, ಒಂದು ತಿದ್ದುಪಡಿ. ಮತ್ತೆ ಊಹೆ.

ಹೋದ ಆಷಾಢದಲ್ಲಿ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಹೊರಗೆ ಜಡಿಮಳೆ. ಮಂಚದ ಮೇಲೆ ಒರಗಿಕೊಂಡಿದ್ದರು. ತಮ್ಮದೇ ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದು ಕೇಳಿದ ಮೊದಲ ಮಾತು: "ಇದರಲ್ಲಿ ತಪ್ಪು ಎಷ್ಟಿದೆಯೋ?"

ಒಂದು ಕಾಗದದಲ್ಲಿ ನಾಲ್ಕು ಮನೆಯ ಚೌಕ ಎಳೆದೆ. ಮನೆಗಳನ್ನು ಖಾಲಿ ಬಿಟ್ಟು ಮೊತ್ತ ಮಾತ್ರ ಬರೆದೆ. ಅಡ್ಡ ಸಾಲು 11 ಮತ್ತು 9, ಉದ್ದ ಸಾಲು 12 ಮತ್ತು 8. "ಒಳಗಿರುವುದನ್ನು ನೋಡದೆ ಒಳಗಿನದನ್ನು ಹೇಳಬೇಕು ಸರ್, ಇದೇ ನನ್ನ ಕೆಲಸ." ಪೆನ್ಸಿಲ್ ತೆಗೆದುಕೊಂಡರು. ಕೈ ನಡುಗುತ್ತಿತ್ತು. 7, 4, 5, 4 ಅಂತ ತುಂಬಿದರು. ನಾನು ಸರಿ ಅನ್ನುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಚೌಕ ಎಳೆದು 8, 3, 4, 5 ಅಂತ ಬರೆದರು. ಅದಕ್ಕೂ ಅವೇ ಮೊತ್ತಗಳು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ಅಲ್ಲ, ಅದೇ ಅಂತ ಹೇಗೆ ಹೇಳ್ತೀಯ?"

"ಓರೆಯಾಗಿಯೂ ನೋಡಬೇಕು ಸರ್. ಮೂಲೆಯಿಂದ ಮೂಲೆಗೆ 11." ಅವರು ಎರಡೂ ಚೌಕಗಳಲ್ಲಿ ಬೆರಳಿಟ್ಟು ಕೂಡಿಸಿದರು. ಒಂದರಲ್ಲಿ 11, ಇನ್ನೊಂದರಲ್ಲಿ 13. ಎರಡನೆಯದನ್ನು ನಿಧಾನವಾಗಿ ಹೊಡೆದು ಹಾಕಿದರು.

"ಅದಕ್ಕೇ ಯಂತ್ರ ಸುತ್ತಲೂ ತಿರುಗೋದು?"

"ಹೌದು ಸರ್. ಅಷ್ಟು ಕಡೆಯಿಂದ ನೋಡಿದರೂ ಸ್ವಲ್ಪ ತಪ್ಪು ಉಳಿಯುತ್ತದೆ. ಎಷ್ಟು ಅಂತ ಲೆಕ್ಕ ಹಾಕಿ ಇಟ್ಟಿರುತ್ತೇವೆ."

ಮುಖ ಅರಳಿತು. ಫಿಲ್ಮನ್ನು ಪಕ್ಕಕ್ಕೆ ಸರಿಸಿ, ಕಾಗದವನ್ನು ತಿರುವಿ, ಖಾಲಿ ಬದಿಯನ್ನು ನನ್ನ ಮುಂದೆ ಹಿಡಿದರು.

"ಒಂಬತ್ತು ಮನೆಯದ್ದು ಕೊಡು," ಅಂದರು.